ಲಾಕ್‌ಡೌನ್ ದಂಡ, ಠಾಣೆಯ ಕರೆ: ವಕೀಲರೊಂದಿಗೆ ಪ್ರಶ್ನೋತ್ತರ (2021ರ ಸೆಪ್ಟೆಂಬರ್. ಇಲ್ಲಿ ಬರುವ ಐಪಿಸಿ ಎಂದರೆ ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆ, ಸಿಆರ್‌ಪಿಸಿ ಎಂದರೆ ದಂಡ ಪ್ರಕ್ರಿಯಾ ಸಂಹಿತೆ. 2024ರ ಜುಲೈ 1ರಿಂದ ಇವುಗಳ ಜಾಗದಲ್ಲಿ ಹೊಸ ಕಾನೂನುಗಳು ಬಂದಿವೆ.)

ನಿರ್ವಾಹಕರು: ಭಾನುವಾರದ ಲಾಕ್‌ಡೌನನ್ನೂ ರಾತ್ರಿ ಕರ್ಫ್ಯೂವನ್ನೂ ಕೇರಳ ಸರಕಾರ 2021ರ ಸೆಪ್ಟೆಂಬರ್ 7ರಂದು ಹಿಂದೆಗೆದುಕೊಂಡಿತು. ಆದರೆ ಅದಕ್ಕೆ ಮೊದಲು ಪೊಲೀಸರು ಬರೆದ ದಂಡದ ರಶೀದಿಗಳು, ಹಿಡಿದಿಟ್ಟ ವಾಹನಗಳು, ದಾಖಲಿಸಿದ ಕೇಸುಗಳು ಹಾಗೆಯೇ ಉಳಿದಿವೆ. ಕಾಸರಗೋಡಿನಲ್ಲಿ ವಕೀಲಿ ವೃತ್ತಿ ನಡೆಸುತ್ತಿರುವ ನಮ್ಮ ಗುಂಪಿನ ಸದಸ್ಯರೊಬ್ಬರು ಈ ಬಗೆಗಿನ ಪ್ರಶ್ನೆಗಳಿಗೆ ಇಂದು ಉತ್ತರಿಸಲು ಒಪ್ಪಿದ್ದಾರೆ. ಕೇಳುವವರು ಊರಿನ ಹೆಸರನ್ನಷ್ಟೇ ಹೇಳಿದರೆ ಸಾಕು. ಪೊಲೀಸರ ಹೆಸರನ್ನಾಗಲಿ ಠಾಣೆಯ ಹೆಸರನ್ನಾಗಲಿ ಇಲ್ಲಿ ಬರೆಯಬೇಡಿ.

ಬದಿಯಡ್ಕದ ಸದಸ್ಯರು: ವಕೀಲರೇ, ನಮಸ್ಕಾರ. ನನ್ನದು ಸಣ್ಣ ದಿನಸಿ ಅಂಗಡಿ. ಆಗಸ್ಟಿನಲ್ಲಿ, ಗಿರಾಕಿಗಳು ಒತ್ತಾಗಿ ನಿಂತಿದ್ದರೆಂದು ನನಗೆ ದಂಡ ಬರೆದರು. ನಿಂತವರು ಮೂವರು, ಅದೂ ಮಳೆ ಬಂದದ್ದರಿಂದ ಸೂರಿನಡಿಗೆ ಸರಿದವರು. ಆ ಹೊತ್ತಿಗೆ ಹೆದರಿಕೆಯಿಂದ ಹಣ ಕಟ್ಟಿಬಿಟ್ಟೆ. ಈಗ ಅದನ್ನು ಮರಳಿ ಪಡೆಯಲು ದಾರಿಯಿದೆಯೇ?

ವಕೀಲರು: ನಮಸ್ಕಾರ. ನೀವು ಕಟ್ಟಿದ್ದು ಪೊಲೀಸರು ವಿಧಿಸಿದ ಶಿಕ್ಷೆಯಲ್ಲ, ರಾಜಿ ಮೊತ್ತ. ಕೇರಳದ ಸಾಂಕ್ರಾಮಿಕ ರೋಗಗಳ ಕಾನೂನಿನಲ್ಲಿ ನಿರ್ಬಂಧ ಮೀರಿದವರಿಗೆ 2 ವರ್ಷದವರೆಗೆ ಸಜೆ, 10,000 ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಆದರೆ ಅದನ್ನು ವಿಧಿಸಬೇಕಾದದ್ದು ನ್ಯಾಯಾಲಯ. ಅಲ್ಲಿಯವರೆಗೆ ಹೋಗದೆ ವಿಷಯವನ್ನು ಸ್ಥಳದಲ್ಲಿಯೇ ಮುಗಿಸಿಕೊಳ್ಳಲು ಒಪ್ಪುವವರಿಂದ ನಿಗದಿತ ಮೊತ್ತವನ್ನು ಪಡೆಯುತ್ತಾರೆ. ಮಾಸ್ಕಿನ ಮೊತ್ತವನ್ನು 2020ರ ನವೆಂಬರಿನಲ್ಲಿ 200ರಿಂದ 500ಕ್ಕೆ ಏರಿಸಿದ್ದು ಈ ಪಟ್ಟಿಯಲ್ಲಿಯೇ. ಕಟ್ಟಿದ ಮೇಲೆ ಕೇಸು ಮುಗಿಯಿತು, ಹಣ ಮರಳುವುದಿಲ್ಲ. ‘ನಾನು ಕಟ್ಟುವುದಿಲ್ಲ, ನ್ಯಾಯಾಲಯಕ್ಕೆ ಕಳುಹಿಸಿ’ ಎಂದು ಸೌಮ್ಯವಾಗಿ ಹೇಳುವ ಹಕ್ಕು ಅಂದು ನಿಮಗಿತ್ತು. ಹಾಗೆ ಹೇಳಿದ್ದರೆ ಸಣ್ಣ ಅಪರಾಧದ (ಪೆಟ್ಟಿ) ಕೇಸು ದಾಖಲಾಗುತ್ತಿತ್ತು ಮತ್ತು ನಿಮ್ಮ ತಪ್ಪನ್ನು ರುಜುವಾತುಪಡಿಸುವ ಹೊಣೆ ಪೊಲೀಸರ ಮೇಲೆ ಬೀಳುತ್ತಿತ್ತು. ಅಂಗಡಿಯ ಬಾಗಿಲೆಳೆದು ವಿದ್ಯಾನಗರದ ಕೋರ್ಟಿಗೆ ಮತ್ತೆ ಮತ್ತೆ ಅಲೆಯಬೇಕಾಗುತ್ತಿತ್ತು ಎಂಬುದೂ ನಿಜ. ಹೆಚ್ಚಿನವರು ಕಟ್ಟಿ ಕೈತೊಳೆದುಕೊಳ್ಳುವುದು ಈ ಕಾರಣಕ್ಕೆ. ಕಟ್ಟಿದವರೆಲ್ಲ ತಪ್ಪಿತಸ್ಥರೆಂದು ನಾನು ಭಾವಿಸುವುದಿಲ್ಲ.

ಬದಿಯಡ್ಕದ ಸದಸ್ಯರು: ದಂಡ ಬರೆಸಿದವರು ತಾವು ಮ್ಯಾಜಿಸ್ಟ್ರೇಟ್ ಎಂದಿದ್ದರು.

ವಕೀಲರು: ಸೆಕ್ಟರಲ್ ಮ್ಯಾಜಿಸ್ಟ್ರೇಟ್ ಆಗಿರಬೇಕು. ಕೋವಿಡ್ ತಪಾಸಣೆಗಾಗಿ ಸರಕಾರ ಬೇರೆ ಬೇರೆ ಇಲಾಖೆಗಳ ಗೆಜೆಟೆಡ್ ಅಧಿಕಾರಿಗಳನ್ನು ಆ ಹೆಸರಿನಲ್ಲಿ ನೇಮಿಸಿದೆ. ಅವರು ನ್ಯಾಯಾಧೀಶರಲ್ಲ.

ಕುಂಬಳೆಯ ಸದಸ್ಯರು: ನನಗೂ ಮಾಸ್ಕಿನ ಹೆಸರಿನಲ್ಲಿ 500 ರೂಪಾಯಿ ದಂಡ ಹಾಕಿದ್ದಾರೆ. ಹಣ ಕಟ್ಟಿದ್ದೇನೆ. ಮರಳಿ ಸಿಗಬಹುದೇ?

ವಕೀಲರು: ಸಿಗುವುದಿಲ್ಲ. ಮೇಲಿನ ಉತ್ತರವನ್ನು ನೋಡಿ.

ಮುಳ್ಳೇರಿಯದ ಸದಸ್ಯರು: ಎಲ್ಲರ ಉಪಯೋಗಕ್ಕಾಗಿ ನನಗೆ ಬಂದ ಸಂದೇಶವೊಂದನ್ನು ಇಲ್ಲಿ ಹಾಕುತ್ತಿದ್ದೇನೆ. ‘ಪೊಲೀಸರು ದಂಡ ವಸೂಲು ಮಾಡಬಾರದೆಂದು ಹೈಕೋರ್ಟು ತೀರ್ಪು ನೀಡಿದೆ. ತಡೆದರೆ ಮೊಬೈಲಿನಲ್ಲಿ ಚಿತ್ರೀಕರಿಸುತ್ತಾ ಐಪಿಸಿ 166 ಎಂದು ಮೂರು ಸಲ ಗಟ್ಟಿಯಾಗಿ ಹೇಳಿ. ಕೂಡಲೇ ಬಿಡುತ್ತಾರೆ. ಕನಿಷ್ಠ ಹತ್ತು ಮಂದಿಗೆ ಕಳುಹಿಸಿ.’ ವಕೀಲರು ಇದನ್ನು ದೃಢೀಕರಿಸಬೇಕಾಗಿ ವಿನಂತಿ.

ವಕೀಲರು: ದೃಢೀಕರಿಸುವುದಿಲ್ಲ. ಅಂತಹ ತೀರ್ಪು ಇಲ್ಲ. ಹೈಕೋರ್ಟು ಇದೇ ತಿಂಗಳ ಮೊದಲ ವಾರದಲ್ಲಿ ಹೇಳಿದ್ದು ಬೇರೆಯೇ ವಿಷಯ: ಕೋವಿಡ್ ತಪಾಸಣೆಯ ಹೆಸರಿನಲ್ಲಿ ತಮಗೆ ಕಿರುಕುಳವಾಯಿತೆಂದು ತ್ರಿಶೂರು ಜಿಲ್ಲೆಯ ವ್ಯಾಪಾರಿಯೊಬ್ಬರು ಸಲ್ಲಿಸಿದ ಅರ್ಜಿಯಲ್ಲಿ, ಪೊಲೀಸರು ಸಾರ್ವಜನಿಕರನ್ನು ‘ಎಡಾ’, ‘ಎಡೀ’ (ಮಲಯಾಳದಲ್ಲಿ ‘ಏನೋ’, ‘ಏನೇ’ ಎಂಬಂತೆ) ಎಂದು ಕರೆಯಕೂಡದೆಂದು ಅದು ತಿಳಿಸಿತು, ಮತ್ತು 10ನೇ ತಾರೀಕಿನಂದು ರಾಜ್ಯ ಪೊಲೀಸ್ ಮುಖ್ಯಸ್ಥರು ಅದಕ್ಕನುಗುಣವಾಗಿ ಸುತ್ತೋಲೆ ಹೊರಡಿಸಿದರು. ಯಾರೋ ಅದರ ತಲೆಬರಹವನ್ನಷ್ಟೇ ಓದಿ ಉಳಿದುದನ್ನು ಕಲ್ಪಿಸಿಕೊಂಡಿದ್ದಾರೆ. 166ನೇ ಕಲಂ ಇರುವುದು ನಿಜ. ಸರಕಾರಿ ನೌಕರನು ಇನ್ನೊಬ್ಬರಿಗೆ ಹಾನಿ ಮಾಡುವ ಉದ್ದೇಶದಿಂದ ಕಾನೂನು ಮೀರಿದರೆ ಅದು ಅನ್ವಯಿಸುತ್ತದೆ. ಅದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯ ಸಹಿತ ಸಾಧಿಸಬೇಕು. ಮೂರು ಸಲ ಕೂಗಿದರೆ ಬಿಟ್ಟುಹೋಗಲು ಅದೇನು ಭೂತ ಬಿಡಿಸುವ ಮಂತ್ರವಲ್ಲ. ದಯವಿಟ್ಟು ಆ ಸಂದೇಶವನ್ನು ಅಳಿಸಿ.

ಪೆರ್ಲದ ಸದಸ್ಯೆ: ವಕೀಲರೇ, ಇದು ನನ್ನ ತಮ್ಮನ ವಿಷಯ. ಸೆಪ್ಟೆಂಬರ್ 5ರ ಭಾನುವಾರ ಸಂಜೆ ಅಪ್ಪನ ಬಿ.ಪಿ. ಮಾತ್ರೆ ತರಲು ಅವನು ಬೈಕಿನಲ್ಲಿ ಪೇಟೆಗೆ ಹೋಗಿದ್ದ. ಮಾಸ್ಕ್ ಮಳೆಗೆ ಒದ್ದೆಯಾಗಿ ಉಸಿರು ಕಟ್ಟುತ್ತಿದ್ದುದರಿಂದ ಅದನ್ನು ಗಲ್ಲಕ್ಕೆ ಇಳಿಸಿದ್ದನಂತೆ. ಜಂಕ್ಷನಿನಲ್ಲಿ ತಡೆದ ಪೊಲೀಸರು 2000 ರೂಪಾಯಿ ಕಟ್ಟಬೇಕೆಂದರು. ಅವನು ಡಾಕ್ಟರ ಚೀಟಿ ತೋರಿಸಿ, ಮಾಸ್ಕಿಗೆ 500 ತಾನೇ, ಉಳಿದದ್ದು ಯಾವುದಕ್ಕೆಂದು ಕೇಳಿದ್ದಾನೆ. ಮಾತು ಬೆಳೆದಾಗ ಮೊಬೈಲ್ ತೆಗೆದು ವೀಡಿಯೋ ಮಾಡತೊಡಗಿದ್ದಾನೆ. ಒಬ್ಬರು ಮೊಬೈಲಿಗೆ ಕೈ ಹಾಕಿದರು, ಇವನು ಬಿಡಲಿಲ್ಲ. ಎಳೆದಾಟದಲ್ಲಿ ಅವರ ಕಂಕುಳಲ್ಲಿದ್ದ ರಶೀದಿ ಪುಸ್ತಕ ಕೆಸರಿಗೆ ಬಿತ್ತು. ಆಮೇಲೆ ಬೆನ್ನಿಗೂ ಎಡಗೈಗೂ ಲಾಠಿಯೇಟು. ಮುಂಗೈ ಇನ್ನೂ ಊದಿಕೊಂಡಿದೆ, ಲೋಟ ಎತ್ತಲು ಆಗುತ್ತಿಲ್ಲ. ಮೊಬೈಲ್ ಠಾಣೆಯಲ್ಲಿದೆ, ಅದಕ್ಕೆ ಯಾವ ಕಾಗದವನ್ನೂ ಕೊಟ್ಟಿಲ್ಲ. ದಿನ ಬಿಟ್ಟು ದಿನ ಅಪ್ಪನ ಫೋನಿಗೆ ಕರೆ ಬರುತ್ತಿದೆ, ‘ಮಗನನ್ನು ಒಮ್ಮೆ ಕಳುಹಿಸಿ, ಒಂದು ಸಹಿ ಹಾಕಿ ಹೋಗಲಿ’ ಎನ್ನುತ್ತಾರೆ. ಆಸ್ಪತ್ರೆಗೆ ಹೋದರೆ ನಮ್ಮ ಮೇಲೆಯೇ ಕೇಸಾಗುತ್ತದೆಂದು ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶವನ್ನು ಓದಿ ನಾವು ಇನ್ನೂ ಹೋಗಿಲ್ಲ.

ವಕೀಲರು: ಅಕ್ಕಾ, ಉಳಿದವರ ಪ್ರಶ್ನೆಗಳನ್ನು ಬದಿಗಿಟ್ಟು ಇದಕ್ಕೆ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ, ತಮ್ಮನಿಗೂ ಓದಿ ಹೇಳಿ.

ಮೊದಲು ಕೈ. ನಾಳೆ ಬೆಳಿಗ್ಗೆಯೇ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿ. ಇಷ್ಟು ದಿನದ ಮೇಲೂ ಲೋಟ ಎತ್ತಲಾಗದಿದ್ದರೆ ಎಲುಬು ಬಿರುಕು ಬಿಟ್ಟಿರಲೂಬಹುದು. ಹೇಗಾಯಿತೆಂದು ಡಾಕ್ಟರು ಕೇಳಿದಾಗ ‘ಬೈಕಿನಿಂದ ಬಿದ್ದೆ’ ಎನ್ನಬಾರದು. ಯಾವ ದಿನ, ಎಲ್ಲಿ, ಯಾರು, ಯಾವುದರಿಂದ ಹೊಡೆದರೆಂದು ಹೇಳಬೇಕು. ಡಾಕ್ಟರು ಅದನ್ನು ಗಾಯದ ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ ಮತ್ತು ಮುಂದಿನ ಎಲ್ಲ ದೂರುಗಳಿಗೂ ಆ ಬರಹವೇ ಬುನಾದಿ. ಆಸ್ಪತ್ರೆಗೆ ಹೋದರೆ ತಿರುಗಿ ಕೇಸಾಗುತ್ತದೆಂಬ ಸಂದೇಶವನ್ನು ಬರೆದವನು ನಿಮಗೆ ಮಾಡಿದ ಅನ್ಯಾಯ ಲಾಠಿ ಬೀಸಿದವನು ಮಾಡಿದ್ದಕ್ಕಿಂತ ಕಡಿಮೆಯೇನಲ್ಲ. ತಡವಾದಷ್ಟೂ ‘ಇದು ಆಮೇಲೆ ಆದ ಗಾಯ’ ಎನ್ನಲು ಎದುರಿನವರಿಗೆ ಅವಕಾಶ ಸಿಗುತ್ತದೆ. ತಡವೇಕಾಯಿತೆಂಬುದನ್ನೂ ಡಾಕ್ಟರಿಗೆ ತಿಳಿಸಿ.

ನನಗೆ ಚಿಂತೆ ಇರುವುದು 2000 ರೂಪಾಯಿಯದ್ದಲ್ಲ, ಆ ಎಳೆದಾಟದ್ದು. ನಿರ್ಬಂಧ ಮೀರಿದ ಕೇಸು ಜಾಮೀನು ಸಿಗುವಂಥದ್ದು. ಐಪಿಸಿ 188 ಅಥವಾ 269 ಹಾಕಿದರೂ ಹಾಗೆಯೇ. ಆದರೆ ಕರ್ತವ್ಯದಲ್ಲಿದ್ದ ಪೊಲೀಸನ ಮೇಲೆ ಬಲಪ್ರಯೋಗ ಮಾಡಿದನೆಂದು 353ನೇ ಕಲಂ ಸೇರಿಸಿದರೆ ಅದು ಜಾಮೀನುರಹಿತ ಅಪರಾಧ. ಕೆಸರಿಗೆ ಬಿದ್ದ ರಶೀದಿ ಪುಸ್ತಕ ಆಗ ಅವರ ಕೈಯಲ್ಲಿ ಪುರಾವೆಯಾಗುತ್ತದೆ. ಆದ್ದರಿಂದ ಎಫ್‌ಐಆರ್ ಆಗಿದೆಯೇ, ಆಗಿದ್ದರೆ ಯಾವ ಕಲಂಗಳಿವೆ ಎಂಬುದನ್ನು ಇಂದು ರಾತ್ರಿಯೇ ನೋಡಿ. ಎಫ್‌ಐಆರನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟು 2016ರಲ್ಲಿಯೇ ಆದೇಶಿಸಿದೆ. ಕೇರಳ ಪೊಲೀಸರ ‘ತುಣ’ ಪೋರ್ಟಲಿನಲ್ಲಿ ಠಾಣೆ ಮತ್ತು ತಾರೀಕು ಕೊಟ್ಟು ಹುಡುಕಬಹುದು. 353 ಕಂಡುಬಂದರೆ ತಮ್ಮ ಠಾಣೆಯ ಮೆಟ್ಟಿಲು ಹತ್ತುವುದಕ್ಕೆ ಮೊದಲು ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಬೇಕು.

ಫೋನಿನಲ್ಲಿ ‘ಒಮ್ಮೆ ಬಂದು ಹೋಗಿ’ ಎಂದು ಕರೆದ ಮಾತ್ರಕ್ಕೆ ಹೋಗಬೇಕಾಗಿಲ್ಲ. ಬಂಧಿಸುವ ಅಗತ್ಯವಿಲ್ಲದ ಆರೋಪಿಯನ್ನು ಕರೆಸಲು ಸಿಆರ್‌ಪಿಸಿ 41ಎ ಪ್ರಕಾರ ಲಿಖಿತ ನೋಟೀಸು ಕೊಡಬೇಕು. ಮುಂದಿನ ಕರೆ ಬಂದಾಗ ‘ನೋಟೀಸು ಕಳುಹಿಸಿ, ವಕೀಲರೊಂದಿಗೆ ಬರುತ್ತೇವೆ’ ಎಂದು ಅಪ್ಪ ಮರ್ಯಾದೆಯಿಂದ ಹೇಳಲಿ. ನೋಟೀಸು ಬಂದ ಮೇಲೆ ಹೋಗದಿರಬಾರದು. ಸಾರ್ವಜನಿಕ ರಸ್ತೆಯಲ್ಲಿ ವೀಡಿಯೋ ತೆಗೆಯುವುದು ತಾನಾಗಿಯೇ ಅಪರಾಧವಲ್ಲ. ಮೊಬೈಲನ್ನು ವಶಪಡಿಸಿಕೊಂಡಿದ್ದರೆ 102ನೇ ಕಲಮಿನಂತೆ ಮಹಜರು ಬರೆದು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕಾಗದವೇ ಇಲ್ಲದೆ ಇಟ್ಟುಕೊಂಡಿರುವುದು ಅವರ ಪಾಲಿಗೂ ಒಳ್ಳೆಯದಲ್ಲ.

ಹೊಡೆತದ ಬಗ್ಗೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ದೂರು ಕಳುಹಿಸಿ. 2011ರ ಕೇರಳ ಪೊಲೀಸ್ ಕಾನೂನಿನ 110ನೇ ಕಲಮಿನಂತೆ ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರವೂ ಇದೆ. ಎರಡರಲ್ಲೂ ಫಲ ಕಾಣದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು. ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ 2020ರ ಜೂನ್ 19ರಂದು, ಮೊಬೈಲ್ ಅಂಗಡಿಯನ್ನು ಹೊತ್ತು ಮೀರಿ ತೆರೆದಿಟ್ಟರೆಂದು ಹಿಡಿದೊಯ್ದ ತಂದೆ ಮತ್ತು ಮಗ ನಾಲ್ಕು ದಿನ ಕಳೆಯುವುದರೊಳಗೆ ತೀರಿಹೋದರು. ಅವರನ್ನು ಜೈಲಿಗೆ ಕಳುಹಿಸುವ ಮೊದಲು ಡಾಕ್ಟರ ತಪಾಸಣೆಯೂ ಮ್ಯಾಜಿಸ್ಟ್ರೇಟರ ಎದುರಿನ ಹಾಜರಿಯೂ ಕಾಗದದಲ್ಲಿ ಆಗಿಯೇ ಇದ್ದುವು. ಹೆದರಿಸಲೆಂದು ಇದನ್ನು ಬರೆಯುತ್ತಿಲ್ಲ. ಆ ಎರಡು ಕಡೆಗಳಲ್ಲಿ ನೋವನ್ನು ಬಾಯಿ ಬಿಟ್ಟು ಹೇಳಲೇಬೇಕೆಂದು ಬರೆಯುತ್ತಿದ್ದೇನೆ.

ನನಗೆ ಎರಡು ವಿಷಯ ತಿಳಿಯಬೇಕು: ಆ ದಿನ ರಶೀದಿ ಕೊಟ್ಟಿದ್ದಾರೆಯೇ? ಈವರೆಗೆ ಮನೆಯವರಲ್ಲಿ ಯಾರಾದರೂ ಯಾವುದಾದರೂ ಕಾಗದಕ್ಕೆ ಸಹಿ ಹಾಕಿದ್ದೀರಾ?

ನೀರ್ಚಾಲಿನ ಸದಸ್ಯರು: ಓದಿ ಹೊಟ್ಟೆ ಉರಿಯಿತು. ಜುಲೈಯಲ್ಲಿ ನಮ್ಮ ಜಿಲ್ಲೆಯಲ್ಲಿಯೇ ಹಸುವಿಗೆ ಹುಲ್ಲು ಕೊಯ್ಯಲು ಹೋದ ಹೈನುಗಾರನೊಬ್ಬನಿಗೆ 2000 ರೂಪಾಯಿ ದಂಡ ಬರೆದದ್ದು ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಏಪ್ರಿಲ್ 6ರ ವಿಧಾನಸಭಾ ಚುನಾವಣೆಗೆ ಮೊದಲು ಸಾವಿರಗಟ್ಟಲೆ ಜನರನ್ನು ಸೇರಿಸಿ ಮೆರವಣಿಗೆ ಮಾಡಿದವರಿಗೆ ಎಷ್ಟು ರಶೀದಿ ಹರಿದರೆಂದು ಯಾರಾದರೂ ಹೇಳುವಿರಾ?

ಮಧೂರಿನ ಸದಸ್ಯರು: ನೀರ್ಚಾಲಿನ ಮಾಸ್ಟ್ರೇ, ನಾನು ಪೊಲೀಸ್ ಇಲಾಖೆಯಿಂದ ನಿವೃತ್ತನಾದವನು. ನೀವು ಒಂದು ಮುಖವನ್ನಷ್ಟೇ ಹೇಳುತ್ತಿದ್ದೀರಿ. 2020ರ ಮಾರ್ಚಿನಲ್ಲಿ ಕೊಲ್ಲಿಯಿಂದ ಬಂದವರು ತುಂಬಿದ್ದ ನಮ್ಮ ಜಿಲ್ಲೆಯ ಹೆಸರು ಕೇಳಿದರೆ ದೇಶವೇ ಬೆಚ್ಚುತ್ತಿದ್ದಾಗ, ಗಲ್ಲಿಗಲ್ಲಿಗೆ ತಡೆ ಹಾಕಿ, ಬಾಗಿಲು ಹಾಕಿಕೊಂಡವರ ಮನೆಗೆ ಅಕ್ಕಿ, ಔಷಧಿ ಮುಟ್ಟಿಸಿದವರು ಪೊಲೀಸರೇ. ಆ ಸುತ್ತಿನ 178 ರೋಗಿಗಳೂ ಮೇ ತಿಂಗಳಲ್ಲಿ ಗುಣಮುಖರಾಗಿ ಮನೆ ಸೇರಿದರು. ಅದು ತಾನಾಗಿ ಆದದ್ದಲ್ಲ.

ನೀರ್ಚಾಲಿನ ಸದಸ್ಯರು: ಅವರನ್ನು ಗುಣಪಡಿಸಿದ್ದು ಡಾಕ್ಟರುಗಳು ಮತ್ತು ದಾದಿಯರು, ಲಾಠಿಯಲ್ಲ. ಅದೇ ಮಾರ್ಚಿನಲ್ಲಿ ಕಣ್ಣೂರು ಜಿಲ್ಲೆಯಲ್ಲಿ ಹಿರಿಯ ಅಧಿಕಾರಿಯೊಬ್ಬರೇ ಜನರನ್ನು ರಸ್ತೆಬದಿಯಲ್ಲಿ ಬಸ್ಕಿ ಹೊಡೆಸಿದ್ದನ್ನು ಟಿ.ವಿ.ಯಲ್ಲಿ ನೀವೂ ನೋಡಿದ್ದೀರಿ. ಬಸ್ಕಿ ಯಾವ ಕಾನೂನಿನ ಶಿಕ್ಷೆ?

ಮಧೂರಿನ ಸದಸ್ಯರು: ಅದನ್ನು ಮುಖ್ಯಮಂತ್ರಿಗಳೇ ಒಪ್ಪಲಿಲ್ಲವಲ್ಲ. ಒಬ್ಬರು ಮಾಡಿದ್ದಕ್ಕೆ ಮಳೆಯಲ್ಲಿ ರಸ್ತೆಬದಿ ನಿಂತ ಎಲ್ಲರನ್ನೂ ಬಯ್ಯುವುದು ಶಾಲೆಯಲ್ಲಿ ಒಬ್ಬ ಗಲಾಟೆ ಮಾಡಿದ್ದಕ್ಕೆ ಇಡೀ ತರಗತಿಯನ್ನು ಬೆಂಚಿನ ಮೇಲೆ ನಿಲ್ಲಿಸುವವರ ಅಭ್ಯಾಸವಿರಬೇಕು.

ತಲಪಾಡಿಯ ಸದಸ್ಯರು: ಕೇರಳದ ಪೊಲೀಸರನ್ನಷ್ಟೇ ದೂರಿದರೆ ಆಗಲಿಲ್ಲ. ಕಳೆದ ವರ್ಷ ಕರ್ನಾಟಕದವರು ಗಡಿಯ ದಾರಿಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳು ಆಂಬುಲೆನ್ಸಿನಲ್ಲಿಯೇ ಸಾಯುವಂತಾಯಿತು. ತಡೆ ತೆರವುಗೊಳಿಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಹೇಳಿದ ಮೇಲೂ ಅವರು ಸುಪ್ರೀಂ ಕೋರ್ಟಿಗೆ ಹೋದರು. ಕನ್ನಡ ಕನ್ನಡ ಎನ್ನುವ ನಮಗೆ ಕನ್ನಡನಾಡಿನ ಪೊಲೀಸರು ತೋರಿದ ಪ್ರೀತಿ ಅದು.

ಹೊಸಂಗಡಿಯ ಸದಸ್ಯರು: ಅಲ್ಲಿಯೂ ರೋಗ ಹರಡಬಾರದೆಂದು ಮಾಡಿದ್ದಲ್ಲವೇ? ಪ್ರತಿಯೊಂದರಲ್ಲಿಯೂ ರಾಜ್ಯ, ಭಾಷೆಯನ್ನು ಎಳೆದು ತರಬೇಡಿ.

ತಲಪಾಡಿಯ ಸದಸ್ಯರು: ನಿಮ್ಮ ಮನೆಯಲ್ಲಿ ಯಾರಿಗೂ ಡಯಾಲಿಸಿಸ್ ಇಲ್ಲವೆಂದು ಕಾಣುತ್ತದೆ. ಇದ್ದಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಮಂಜೇಶ್ವರದ ಸದಸ್ಯೆ: ಚರ್ಚೆಯ ಮಧ್ಯೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಾನು ಮಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದೇನೆ. ಲಸಿಕೆ ಹಾಕಿಸಿಕೊಂಡಿದ್ದರೂ ತಲಪಾಡಿಯ ಗಡಿಯಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ (ಕೋವಿಡ್ ಪರೀಕ್ಷೆ) ವರದಿ ಕೇಳುತ್ತಾರೆ. ಒಂದು ರಾಜ್ಯ ಲಸಿಕೆಯನ್ನು ಒಪ್ಪಿ ಇನ್ನೊಂದು ಒಪ್ಪದಿರಲು ಕಾನೂನಿನಲ್ಲಿ ಅವಕಾಶವಿದೆಯೇ?

ಉಪ್ಪಳದ ಸದಸ್ಯರು: ತಂಗೀ, ಅಷ್ಟು ತಲೆ ಕೆಡಿಸಿಕೊಳ್ಳಬೇಡ. ಹಳೆಯ ವರದಿಯ ತಾರೀಕನ್ನು ಮೊಬೈಲಿನಲ್ಲಿಯೇ ಬದಲಿಸುವ ವಿಧಾನವನ್ನು ವಿವರಿಸುವ ವೀಡಿಯೋ ನನ್ನ ಬಳಿಯಿದೆ. ಬೇಕಾದವರು ತಿಳಿಸಿ.

ವಕೀಲರು: ಉಪ್ಪಳದವರೇ, ಅದನ್ನು ಇಲ್ಲಿಯೂ ಹಾಕಬೇಡಿ, ಖಾಸಗಿಯಾಗಿಯೂ ಯಾರಿಗೂ ಕಳುಹಿಸಬೇಡಿ. ತಾರೀಕು ತಿದ್ದಿದ ವರದಿಯನ್ನು ಗಡಿಯಲ್ಲಿ ತೋರಿಸಿದವನ ಮೇಲೆ ಐಪಿಸಿ 468 ಮತ್ತು 471 ಬೀಳುತ್ತವೆ. ಮೋಸಕ್ಕಾಗಿ ಮಾಡಿದ ನಕಲಿಗೆ 7 ವರ್ಷದವರೆಗೆ ಸಜೆ, ಜಾಮೀನು ಸುಲಭವಲ್ಲ. ಓದುವ ಮಗುವಿಗೆ ಇಂಥ ಬುದ್ಧಿ ಹೇಳಲು ನಿಮಗೆ ಸಂಕೋಚವಾಗಬೇಕಿತ್ತು. ಮಾಸ್ಟ್ರು ಮತ್ತು ಮಧೂರಿನವರು ತಮ್ಮ ವಾದವನ್ನು ಫೋನಿನಲ್ಲಿ ಮುಗಿಸಿಕೊಂಡರೆ ಪ್ರಶ್ನೆಗಳು ನನ್ನ ಕಣ್ಣಿಗೆ ಬೀಳುತ್ತವೆ.

ಮುಳ್ಳೇರಿಯದ ಸದಸ್ಯರು: ನಾನು ಹಾಕಿದ ಸಂದೇಶ ನನ್ನ ಭಾವನಿಂದ ಬಂದದ್ದು. ಅವನು ದುಬೈಯಲ್ಲಿ ದೊಡ್ಡ ಕಂಪೆನಿಯಲ್ಲಿದ್ದಾನೆ, ಸುಮ್ಮನೆ ಕಳುಹಿಸುವವನಲ್ಲ. ವಕೀಲರು ಇನ್ನೊಮ್ಮೆ ಪರಿಶೀಲಿಸಿದರೆ ಒಳ್ಳೆಯದಿತ್ತು.

ವಕೀಲರು: ನಿಮ್ಮ ಭಾವನನ್ನೇ ವಕೀಲರನ್ನಾಗಿ ಇಟ್ಟುಕೊಳ್ಳಿ.

ಪೆರ್ಲದ ಸದಸ್ಯೆ: ವಕೀಲರೇ, ತುಣದಲ್ಲಿ ನೋಡಿದೆವು. ಸದ್ಯಕ್ಕೆ ತಮ್ಮನ ಹೆಸರಿನ ಎಫ್‌ಐಆರ್ ಕಾಣಲಿಲ್ಲ. ರಶೀದಿಯನ್ನೂ ಕೊಟ್ಟಿಲ್ಲ. ಆದರೆ ನೀವು ಸಹಿಯ ಬಗ್ಗೆ ಕೇಳಿದ ಮೇಲೆ ಅಪ್ಪ ಬಾಯಿ ಬಿಟ್ಟರು. ನಮಗೆ ಹೇಳದೆ ಮೊನ್ನೆ ಅವರೊಬ್ಬರೇ ಠಾಣೆಗೆ ಹೋಗಿ ಒಂದು ಹಾಳೆಗೆ ಸಹಿ ಹಾಕಿ ಬಂದಿದ್ದಾರೆ. ಅದರ ಮೇಲರ್ಧದಲ್ಲಿ ಮಲಯಾಳದಲ್ಲಿ ಬರೆದಿತ್ತಂತೆ, ಕೆಳಗೆ ಖಾಲಿಯಿತ್ತಂತೆ. ಅಪ್ಪನಿಗೆ ಮಲಯಾಳ ಓದಲು ಬರುವುದಿಲ್ಲ.

ವಕೀಲರು: ಈ ಉತ್ತರ ಬರಬಾರದಿತ್ತೆಂದು ಬಯಸಿದ್ದೆ. ಆ ಹಾಳೆ ಏನಿರಬಹುದೆಂಬುದರ ಮೇಲೆ ಎಲ್ಲವೂ ನಿಂತಿದೆ. ಅದು ಅಪ್ಪನ ಹೇಳಿಕೆಯಾದರೆ ಹೆಚ್ಚು ಹೆದರಬೇಕಾಗಿಲ್ಲ: ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಹಾಕಿಸುವುದನ್ನೇ ಸಿಆರ್‌ಪಿಸಿ 162 ನಿಷೇಧಿಸುತ್ತದೆ. ಆದರೆ ಅದು ಮಹಜರು ಆಗಿದ್ದರೆ, ಮೊಬೈಲನ್ನು ಇಂಥ ದಿನ ಇಂಥಲ್ಲಿ ಇವರ ಸಮಕ್ಷಮ ವಶಪಡಿಸಿಕೊಂಡೆವೆಂದು ಬರೆದಿದ್ದರೆ, ಅಪ್ಪನೇ ಸಾಕ್ಷಿಯಾಗಿಬಿಡುತ್ತಾರೆ. ಅಥವಾ ‘ನಮ್ಮ ಮಗನದ್ದೇ ತಪ್ಪು, ನಮಗೆ ದೂರಿಲ್ಲ’ ಎಂಬ ಒಪ್ಪಂದದ ಕಾಗದವೂ ಆಗಿರಬಹುದು. ನನ್ನ ಅನುಭವದಲ್ಲಿ ಎಫ್‌ಐಆರ್ ಮಾಡದೆ ಇಷ್ಟು ದಿನ ಕಾದ ಕಡೆಗಳಲ್ಲಿ ಇದೇ ಹೆಚ್ಚು. ಹೊಡೆದ ವಿಷಯ ಮೇಲಕ್ಕೆ ಹೋಗದಿರಲಿ ಎಂಬುದಷ್ಟೇ ಅವರ ಬಯಕೆಯಾಗಿದ್ದರೆ 353ನ್ನು ಬೆದರಿಕೆಯಾಗಿ ಇಟ್ಟುಕೊಳ್ಳುತ್ತಾರೆ, ಹಾಕುವುದಿಲ್ಲ. ನೀವು ದೂರು ಕೊಟ್ಟ ಮರುದಿನ ಹಾಕಲೂಬಹುದು. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ, ಏಕೆಂದರೆ ದೂರು ಕೊಡುವುದೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದವನು ತಮ್ಮ. ಜಾಮೀನಿನ ಅರ್ಜಿಯನ್ನು ಬರೆದಿಟ್ಟುಕೊಂಡೇ ದೂರು ಅಂಚೆಗೆ ಹಾಕುವುದು ಸರಿಯಾದ ಕ್ರಮ.

ಅಪ್ಪ ಇಂದೇ ಕೈಬರಹದಲ್ಲಿ ಒಂದು ಪತ್ರ ಬರೆಯಲಿ: ಯಾವ ದಿನ, ಎಷ್ಟು ಹೊತ್ತಿಗೆ ಠಾಣೆಗೆ ಹೋದೆ, ಓದಲು ಬಾರದ ಭಾಷೆಯ, ಅರ್ಧ ಖಾಲಿಯಿದ್ದ ಹಾಳೆಗೆ ಸಹಿ ಹಾಕಿಸಿಕೊಂಡರು, ಅದನ್ನು ಓದಿ ಹೇಳಲಿಲ್ಲ, ನಕಲು ಕೊಡಲಿಲ್ಲ. ಅದನ್ನು ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ಅಂಚೆಯ ರಶೀದಿಯನ್ನು ಜೋಪಾನ ಮಾಡಿ. ಕನ್ನಡದಲ್ಲಿಯೇ ಬರೆಯಲಿ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಸಂವಿಧಾನದ 350ನೇ ವಿಧಿ ಹಕ್ಕು ಕೊಟ್ಟಿದೆ.

ಮಧೂರಿನ ಸದಸ್ಯರು: ವಕೀಲರು ಇಲಾಖೆಯ ಬಗ್ಗೆ ಇಷ್ಟು ಊಹೆ ಮಾಡುವುದು ಸರಿಯಲ್ಲ. ಹುಡುಗ ಮಾಸ್ಕ್ ಇಳಿಸಿದ್ದು, ಪೊಲೀಸನ ಕೈಯಿಂದ ಎಳೆದದ್ದು ಎರಡೂ ತಪ್ಪೇ ಅಲ್ಲವೇ?

ವಕೀಲರು: ಮಾಸ್ಕ್ ಇಳಿಸಿದ್ದು ತಪ್ಪು, ಅದರ ಬೆಲೆ 500 ರೂಪಾಯಿ. ಆ ಪಟ್ಟಿಯಲ್ಲಿ ಲಾಠಿಯ ಏಟು ಇಲ್ಲ.

ನೀರ್ಚಾಲಿನ ಸದಸ್ಯರು: ಮಧೂರಿನವರು ಇದಕ್ಕೆ ಉತ್ತರಿಸಲಿ.

ಮಧೂರಿನ ಸದಸ್ಯರು: ನಿಮಗೆ ಉತ್ತರಿಸಬೇಕಾದ ಅಗತ್ಯ ನನಗಿಲ್ಲ.

ಸೀತಾಂಗೋಳಿಯ ಸದಸ್ಯರು: ನನ್ನ ಸ್ಕೂಟರನ್ನು ಜೂನಿನಲ್ಲಿ ಹಿಡಿದವರು ಇನ್ನೂ ಬಿಟ್ಟಿಲ್ಲ, ಠಾಣೆಯಂಗಳದಲ್ಲಿ ಮಳೆಗೆ ನೆನೆಯುತ್ತಿದೆ. ಏನು ಮಾಡಬೇಕು?

ವಕೀಲರು: ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಿಆರ್‌ಪಿಸಿ 451ನೇ ಕಲಮಿನಂತೆ ಅರ್ಜಿ ಹಾಕಿ. ವಾಹನಗಳನ್ನು ಠಾಣೆಯಲ್ಲಿ ಬಹುಕಾಲ ಕೊಳೆಯಲು ಬಿಡಬಾರದೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ಆರ್‌ಸಿ ಮತ್ತು ವಿಮೆಯ ಕಾಗದ ಜೊತೆಗಿರಲಿ.

ಕುಂಬಳೆಯ ಸದಸ್ಯರು: ನನ್ನ 500 ರೂಪಾಯಿಯ ವಿಷಯಕ್ಕೆ ಬೇರೆ ದಾರಿ ಏನಾದರೂ ಇದೆಯೇ?

ಮಂಜೇಶ್ವರದ ಸದಸ್ಯೆ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ವಕೀಲರು: ಪೆರ್ಲದ ಅಕ್ಕಾ, ಎಕ್ಸ್‌ರೇ ಮುಗಿದ ಕೂಡಲೇ ಡಾಕ್ಟರ ಚೀಟಿ, ಅಪ್ಪನ ಪತ್ರದ ನಕಲು ಮತ್ತು ಠಾಣೆಯಿಂದ ಕರೆ ಬಂದ ಹೊತ್ತುಗಳ ಪಟ್ಟಿ, ಈ ಮೂರನ್ನು ನನಗೆ ಖಾಸಗಿಯಾಗಿ ಕಳುಹಿಸಿ. ಇನ್ನು ಮುಂದೆ ಈ ವಿಷಯವಾಗಿ ಗುಂಪಿನಲ್ಲಿ ಏನನ್ನೂ ಬರೆಯಬೇಡಿ.